ಉಕ್ಕು ಉಳಿಯಿತು, ಕಥೆ?

ಹಳೆಯ ಮನೆಯನ್ನು ಉಳಿಸಿಕೊಳ್ಳುವುದಕ್ಕಿಂತ ಹಳೆಯ ಯುದ್ಧನೌಕೆಯನ್ನು ಉಳಿಸಿಕೊಳ್ಳುವುದು ಕಷ್ಟ. ಮಳೆಗಾಲಕ್ಕೆ ಮುಂಚೆ ಒಮ್ಮೆ ಹೆಂಚು ಸರಿಪಡಿಸಿದರೆ ಮನೆ ಬಾಳುತ್ತದೆ. ಉಕ್ಕನ್ನು ಕಡಲಿನ ಉಪ್ಪುಗಾಳಿ ದಿನದಿನವೂ ತಿನ್ನುತ್ತದೆ. 1971ರ ಯುದ್ಧದಲ್ಲಿ ಹೆಸರು ಮಾಡಿದ್ದ ವಿಮಾನವಾಹಕ ನೌಕೆ 'ವಿಕ್ರಾಂತ್' 1997ರಲ್ಲಿ ನಿವೃತ್ತಿಯಾಗಿ, ಮುಂಬಯಿಯಲ್ಲಿ ಕೆಲಕಾಲ ವಸ್ತುಸಂಗ್ರಹಾಲಯವಾಗಿತ್ತು. ಕಾಪಾಡುವ ಖರ್ಚು ಹೊರುವವರಿಲ್ಲದೆ 2014ರಲ್ಲಿ ಗುಜರಿಗೆ ಹೋಯಿತು. ಅದರ ಲೋಹ ಬಳಸಿದ ಮೋಟಾರ್ ಬೈಕು 2016ರಲ್ಲಿ ಮಾರಾಟಕ್ಕೂ ಬಂತು!

ಇದನ್ನು ನೆನೆದರೆ ವಿಶಾಖಪಟ್ಟಣದವರನ್ನು ಮೆಚ್ಚಲೇಬೇಕು. ಸೋವಿಯತ್ ದೇಶದಲ್ಲಿ ತಯಾರಾದ 'ಕುರ್ಸುರಾ' ಜಲಾಂತರ್ಗಾಮಿ 1969ರಲ್ಲಿ ನಮ್ಮ ನೌಕಾಪಡೆ ಸೇರಿ 2001ರಲ್ಲಿ ನಿವೃತ್ತಿಯಾಯಿತು. 91 ಮೀಟರ್ ಉದ್ದದ ಅದನ್ನು ರಾಮಕೃಷ್ಣ ಬೀಚಿನ ಮರಳಿಗೆ ಎಳೆದು ತಂದು, 2002ರಲ್ಲಿ ಜನರಿಗೆ ತೆರೆದರು.

ಒಳಗೆ ಟಾರ್ಪೆಡೊ ಕೊಳವೆಗಳಿವೆ, ಪೆರಿಸ್ಕೋಪ್ ಇದೆ, ಗೋಡೆ ತುಂಬ ಮಾಪಕಗಳು, ಒಂದರ ಮೇಲೊಂದು ಇಕ್ಕಟ್ಟಾದ ಮಂಚಗಳು. ನೋಡಿ ಹೊರಬಂದವರ ಬಾಯಲ್ಲಿ ಉಳಿಯುವುದು ಉದ್ದವೆಷ್ಟು, ಟಾರ್ಪೆಡೊ ಎಷ್ಟು ಎಂಬ ಲೆಕ್ಕ. ಸುಮಾರು 75 ಜನ ಬಿಸಿಲು ಕಾಣದೆ ಇಲ್ಲಿ ಹೇಗೆ ಸಂಸಾರ ಮಾಡಿದರು? ಸಿಹಿನೀರು ಅಳತೆಯದು, ಸ್ನಾನ ಅಪರೂಪ, ಬಟ್ಟೆಗೂ ಉಸಿರಿಗೂ ಡೀಸೆಲ್ ವಾಸನೆ. ನೀರೊಳಗೆ ಬ್ಯಾಟರಿಯ ಶಕ್ತಿಯೇ ಗತಿ. ಅದನ್ನು ತುಂಬಿಸಿಕೊಳ್ಳಲು ಮತ್ತೆ ಮೇಲ್ಮೈಗೆ, ಇಲ್ಲವೇ ಅದರ ಹತ್ತಿರಕ್ಕಾದರೂ ಬಂದು ಎಂಜಿನ್ ಓಡಿಸಬೇಕು. ಹಾಗೆ ಹೋದವರಿಗಾಗಿ ದಡದಲ್ಲಿ ಕಾದ ಹೆಂಡತಿ, ತಾಯಂದಿರ ಸುಳಿವೂ ನನಗೆ ಅಲ್ಲಿ ಕಾಣಲಿಲ್ಲ.

ಸಮಾಧಾನದ ಸಂಗತಿ ಒಂದಿದೆ. ಅಲ್ಲಿ ವಿವರಿಸುವವರು ನಿವೃತ್ತ ನೌಕಾ ಸಿಬ್ಬಂದಿ. ಕಂಡದ್ದನ್ನು ಹೇಳುವ ಬಾಯಿ ಫಲಕಕ್ಕಿಂತ ದೊಡ್ಡದು. ಆದರೆ ಆ ಬಾಯಿಗೂ ವಯಸ್ಸಾಗುತ್ತದೆಯಲ್ಲ?

ಬಲ್ಲವರು ಹೇಳದೆ ಹೋದರೆ ಬಲ್ಲದವರು ಹೇಳುತ್ತಾರೆ. ನಮ್ಮ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿರುವ ಕ್ಷಿಪಣಿ ನೌಕೆ 'ಚಪಲ್' ನೋಡಿ. 1971ರ ಕರಾಚಿ ದಾಳಿಯಲ್ಲಿ ಅದೂ ಇತ್ತೆಂದು ಹೇಳುವವರು ಬಹಳ. ಅದು ಸೇವೆಗೆ ಸೇರಿದ್ದೇ 1976ರಲ್ಲಿ! ದಾಳಿ ಮಾಡಿದ್ದು ಅದರ ಅಕ್ಕಂದಿರಂಥ ಹಿಂದಿನ ನೌಕೆಗಳು. ಚಪಲ್ ಸುಮಾರು 29 ವರ್ಷ ದುಡಿದಿದೆ. ಎರವಲು ಪರಾಕ್ರಮ ಅದಕ್ಕೆ ಬೇಕಿಲ್ಲ. ನಿಜವಾದ ಕಥೆಯನ್ನು ಕಾಪಾಡದ ಕಡೆ ಇಂಥ ಕಥೆಗಳು ತಾವಾಗಿ ಬೆಳೆಯುತ್ತವೆ, ಮಕ್ಕಳು ಅದನ್ನೇ ಕಲಿತು ಹೋಗುತ್ತಾರೆ.

ಆದ್ದರಿಂದ ನನ್ನದೊಂದು ಮಾತು. ನೌಕೆಗೆ ಬಣ್ಣ ಬಳಿಯಲು ಖರ್ಚು ಮಾಡುವವರು, ಅದರಲ್ಲಿ ದುಡಿದವರನ್ನೂ ಅವರ ಮನೆಯ ಹೆಣ್ಣುಮಕ್ಕಳನ್ನೂ ಕೂರಿಸಿ ಮಾತನಾಡಿಸಿ, ಹೇಳಿದ್ದನ್ನು ಬರೆದಿಡಲಿ. ಬಣ್ಣವನ್ನು ಬರುವ ವರ್ಷವೂ ಬಳಿಯಬಹುದು. ಆ ಜನ ಅಷ್ಟು ಕಾಲ ಇರುತ್ತಾರೆಂಬ ಭರವಸೆಯಿಲ್ಲ.