ಎದುರು ಬದುರು ಬೆಳಕು

ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನ ತುದಿಯಲ್ಲಿ ರಾತ್ರಿ ನಿಂತಿದ್ದೆ. ಕಲಬುರಗಿ ಕಡೆಯಿಂದ ಒಂದು ಗಾಡಿ, ರಾಯಚೂರು ಕಡೆಯಿಂದ ಇನ್ನೊಂದು. ಸಿಮೆಂಟಿನ ಊರು, ಗಾಳಿಯಲ್ಲಿ ಧೂಳಿಗೇನೂ ಬರವಿಲ್ಲ. ಇಂಜಿನ್ನಿನ ಬೆಳಕು ಕೋಲಿನ ಹಾಗೆ ಕಾಣುವುದು ಆ ಧೂಳಿನಿಂದಲೇ. ಅಷ್ಟರಲ್ಲಿ ಯಾರೋ ಒಬ್ಬ ಹಳಿ ದಾಟಿದ. ಅವನ ಮುಂದೂ ಹಿಂದೂ ಅಂಚು ಹೊಳೆಯಿತು, ನನ್ನತ್ತ ಇದ್ದ ಮೈ ಮಾತ್ರ ಪೂರಾ ಕಪ್ಪು. ರೈಲ್ವೆಯಲ್ಲಿ ದುಡಿದು ನಿವೃತ್ತರಾದ ನಮ್ಮ ಸೋದರಮಾವ ಪಕ್ಕದಲ್ಲಿದ್ದರು. “ಎರಡೂ ಕಡಿಂದ ಬೆಳಕು ಬಿತ್ತಂದ್ರ ನಡು ನಿಂತಾಂವ ಡ್ರೈವರಗ ಕಾಣಂಗಿಲ್ಲಪಾ. ಅದಕ್ಕೇ ಎದುರು ಗಾಡಿ ಬಂದ್ರ ಲೈಟ್ ಡಿಮ್ ಮಾಡ್ತಾರ” ಎಂದರು.

‘ಕಾಗಜ್ ಕೆ ಫೂಲ್’ ಬಗ್ಗೆ ನಾನೇ ಹಿಂದೊಮ್ಮೆ ಬರೆದಿದ್ದನ್ನು ಹಿಂತೆಗೆದುಕೊಳ್ಳಬೇಕೆಂದು ಅನಿಸಿದ್ದು ಆಗ.

1959ರ ಆ ಚಿತ್ರದಲ್ಲಿ ಖಾಲಿ ಸ್ಟುಡಿಯೋದೊಳಗೆ ಗುರುದತ್ ಮತ್ತು ವಹೀದಾ ರೆಹಮಾನ್ ದೂರ ದೂರ ನಿಂತಿರುತ್ತಾರೆ. ಗೀತಾ ದತ್ ಹಾಡುತ್ತಾರೆ. ಮೇಲಿನಿಂದ ಬೆಳಕಿನ ಕಂಬವೊಂದು ಇಳಿದಿರುತ್ತದೆ. ಅದನ್ನು ಇಳಿಸಿದವರು ನಮ್ಮ ಮೈಸೂರಿನ ವಿ.ಕೆ. ಮೂರ್ತಿ. ಸ್ಟುಡಿಯೋ ದೀಪದ ಬೆಳಕು ಹೋಗುತ್ತಾ ಹೋಗುತ್ತಾ ಅಗಲವಾಗುತ್ತದೆ. ಬಹುದೂರದ ಸೂರ್ಯನ ಕಿರಣಗಳು ಹೆಚ್ಚುಕಡಿಮೆ ಸಮಾನಾಂತರ. ಹಾಗಾಗಿ ಅವರು ಹೊರಗಿನ ಬಿಸಿಲನ್ನೇ ದೊಡ್ಡ ಕನ್ನಡಿಯಲ್ಲಿ ಹಿಡಿದು, ಇನ್ನೊಂದು ಕನ್ನಡಿಗೆ ಹಾಯಿಸಿ, ಒಳಗೆ ತಿರುಗಿಸಿದರು. ಇದು ಎಲ್ಲರೂ ಹೇಳುವ ಕಥೆ. ನಾನೂ ಅದನ್ನೇ ಹೇಳಿ, ಬೆಳಕು ಪ್ರೇಮಿಗಳನ್ನು ಒಂದುಗೂಡಿಸಿತು ಎಂದು ಬರೆದಿದ್ದೆ. ಇಬ್ಬರ ಮೈಯಿಂದಲೂ ನೆರಳಿನಂಥ ರೂಪ ಎದ್ದು ಬಂದು ಆ ಬೆಳಕಿನಲ್ಲಿ ಕೂಡುವುದು ಮಾತ್ರ ಅತಿಯಾಯಿತು, ಕಂಬವೊಂದೇ ಸಾಕಿತ್ತು ಎಂಬ ಟೀಕೆಯನ್ನೂ ಸೇರಿಸಿದ್ದೆ.

ಎರಡೂ ತಪ್ಪು. ಬೆಳಕು ಬೆಳಕನ್ನು ಹಾಯ್ದು ಹೋದರೆ ಎರಡಕ್ಕೂ ಏನೂ ಆಗುವುದಿಲ್ಲ. ವಾಡಿಯಲ್ಲಿ ಎರಡು ಕೋಲುಗಳು ಒಂದರೊಳಗೊಂದು ತೂರಿ ತಮ್ಮ ತಮ್ಮ ದಾರಿ ಹಿಡಿದವು. ಕಳೆದುಹೋದವನು ನಡುವೆ ಇದ್ದ ಮನುಷ್ಯ. ಆ ದೃಶ್ಯದಲ್ಲೂ ಕೂಡುವುದು ಬೆಳಕಿನಿಂದಲೇ ಮಾಡಿದ, ಆರುಪಾರು ಕಾಣುವ ರೂಪಗಳು. ಅವಕ್ಕೆ ತೂಕವಿಲ್ಲ, ತಾಗುವ ಕೈಯಿಲ್ಲ. ಮೈಗಳು ನಿಂತಲ್ಲೇ ನಿಂತಿವೆ. ಆ ರೂಪಗಳು ಇಲ್ಲದಿದ್ದರೆ ಬರೀ ಕಂಬ ಒಂದು ಆಶೀರ್ವಾದದಂತೆ ಕಾಣುತ್ತಿತ್ತು; ನಾನು ಓದಿಕೊಂಡದ್ದೂ ಹಾಗೆಯೇ. ಅವು ಇರುವುದರಿಂದಲೇ ಈ ಇಬ್ಬರು ಇನ್ನು ಸೇರಲಾರರು ಎಂಬುದು ಖಾತ್ರಿಯಾಗುತ್ತದೆ. ಮೂರ್ತಿಯವರ ಬೆಳಕು ಇಲ್ಲಿ ಕರುಣೆಯದ್ದಲ್ಲ.

ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಕನ್ನಡಿಗ ಎಂದು ಹೆಮ್ಮೆಪಡುವ ನಾವು ಕನ್ನಡಿಗಳ ಕಥೆ ಹೇಳಿ ಮುಗಿಸುತ್ತೇವೆ. ಅವರು ‘ಹೂವು ಹಣ್ಣು’ (1993) ಚಿತ್ರಕ್ಕೂ ಕ್ಯಾಮೆರಾ ಹಿಡಿದಿದ್ದರು. ಅದರ ಬೆಳಕಿನ ಬಗ್ಗೆ ನಾನಂತೂ ಇದುವರೆಗೆ ಒಂದು ಸಾಲೂ ಬರೆದಿಲ್ಲ.

ಮೊನ್ನೆ ಆ ಹಾಡನ್ನು ದನಿ ಮುಚ್ಚಿ ನೋಡಿದೆ. ಮಾವನೂ ಪಕ್ಕದಲ್ಲಿ ಕೂತಿದ್ದರು. ಕಂಬದೊಳಗೆ ತೇಲುವ ಕಣಗಳನ್ನು ತೋರಿಸಿ, “ಅಲ್ಲೂ ಧೂಳ ಅದ ನೋಡು” ಎಂದರು.