ರುಜು ಹಾಕುವವರಿಲ್ಲದ ವಿದ್ಯಾರ್ಥಿ

ಒಂದು ಆಡಳಿತದ ಯೋಗ್ಯತೆಯನ್ನು ಅಳೆಯುವುದಕ್ಕೆ ಹಲವು ಮಾನದಂಡಗಳುಂಟು. ತಂದೆಯಿಲ್ಲದ, ತಾಯಿಯಿಲ್ಲದ, ಹೊಣೆ ಹೊರುವ ಬಂಧುವೂ ಇಲ್ಲದ ಮಗುವೊಂದು ಓದಬೇಕೆಂದು ಬಯಸಿದಾಗ ಆ ಆಡಳಿತ ಏನು ಮಾಡುತ್ತದೆ ಎಂಬುದು ಅವುಗಳಲ್ಲೆಲ್ಲ ಕಠಿಣವಾದುದು. ಇಂಥ ಮಕ್ಕಳಿಗಾಗಿ ಕೇಂದ್ರ ಮತ್ತು ರಾಜ್ಯ ಸರಕಾರಗಳು ಇತ್ತೀಚಿನ ವರ್ಷಗಳಲ್ಲಿ ಕೆಲವು ಯೋಜನೆಗಳನ್ನು ರೂಪಿಸಿವೆ. ಅವುಗಳ ಗುಣವನ್ನೂ ಕೊರತೆಯನ್ನೂ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯ ಬದುಕಿನ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಗುಣವನ್ನು ಹೇಳುವುದು ನ್ಯಾಯ. 2021ರ ಮೇ ತಿಂಗಳಲ್ಲಿ, ಕೋವಿಡ್ ಮಹಾಮಾರಿ ಮನೆಮನೆಗಳನ್ನು ಬರಿದು ಮಾಡುತ್ತಿದ್ದಾಗ, ನಮ್ಮ ರಾಜ್ಯ ಸರಕಾರ ಮುಖ್ಯಮಂತ್ರಿ ಬಾಲಸೇವಾ ಯೋಜನೆಯನ್ನು ಘೋಷಿಸಿ, ಆ ರೋಗದಿಂದ ಅನಾಥರಾದ ಮಕ್ಕಳಿಗೆ ತಿಂಗಳಿಗೆ 3,500 ರೂಪಾಯಿಗಳ ನೆರವನ್ನೂ ವಸತಿ ಶಾಲೆಗಳಲ್ಲಿ ವಿದ್ಯಾಭ್ಯಾಸವನ್ನೂ ಒದಗಿಸುವುದಾಗಿ ಹೇಳಿತು. ಅದೇ ತಿಂಗಳು ಕೇಂದ್ರ ಸರಕಾರವೂ ಇಂಥ ಮಕ್ಕಳು 23 ವರ್ಷ ತುಂಬಿದಾಗ ಕೈಗೆ ಬರುವಂತೆ 10 ಲಕ್ಷ ರೂಪಾಯಿಗಳ ನಿಧಿಯನ್ನು ಪ್ರಕಟಿಸಿತು. 2022ರಲ್ಲಿ ಮಿಷನ್ ವಾತ್ಸಲ್ಯದ ಮಾರ್ಗಸೂಚಿಯಂತೆ ಪ್ರಾಯೋಜಕತ್ವದ ನೆರವು ತಿಂಗಳಿಗೆ 4,000 ರೂಪಾಯಿಗಳಿಗೆ ಏರಿತು. ಅನಾಥ ಮಗು ಭಿಕ್ಷೆಗೆ ಪಾತ್ರವಾದ ಜೀವವಲ್ಲ, ಹಕ್ಕುಳ್ಳ ಪ್ರಜೆ ಎಂಬ ಅರಿವು ಈ ಕ್ರಮಗಳ ಹಿಂದೆ ಇದೆ. ಅದಕ್ಕಾಗಿ ಸರಕಾರಗಳನ್ನು ಅಭಿನಂದಿಸಲೇಬೇಕು.

ಆದರೆ ಕೊರತೆಗಳು ಸಣ್ಣವಲ್ಲ. ಮೊದಲನೆಯದು, ಮಗುವಿನ ಅನಾಥತ್ವಕ್ಕೆ ಕಾರಣವನ್ನು ಕೇಳುವ ಪದ್ಧತಿ. ನಮ್ಮ ಸೀಮೆಯಲ್ಲಿ ಕಾಯಿ ಕೀಳಲು ಮರ ಹತ್ತಿದವನು ಜಾರಿ ಬಿದ್ದು ಪ್ರಾಣ ಬಿಡುವುದುಂಟು. ತೋಟದಲ್ಲಿ ಹಾವು ಕಚ್ಚಿ ಸಾಯುವುದುಂಟು. ಸಾಲದ ಹೊರೆ ತಾಳಲಾರದೆ ತಾನೇ ಬದುಕನ್ನು ಮುಗಿಸಿಕೊಳ್ಳುವುದುಂಟು. ಈ ಮನೆಗಳ ಮಗುವಿಗೂ ಕೋವಿಡ್‌ನಿಂದ ಅನಾಥವಾದ ಮಗುವಿಗೂ ಹಸಿವಿನಲ್ಲಿ ಭೇದವಿಲ್ಲ. ಆದರೂ 23ನೆಯ ವರ್ಷದ ಆ ಹತ್ತು ಲಕ್ಷ ಒಬ್ಬನಿಗುಂಟು, ಇನ್ನೊಬ್ಬನಿಗಿಲ್ಲ. ವಿಪತ್ತಿನ ಕಾಲದಲ್ಲಿ ತುರ್ತಾಗಿ ಮಾಡಿದ ವಿಂಗಡಣೆಯನ್ನು ಕ್ಷಮಿಸಬಹುದು. ವಿಪತ್ತು ಕಳೆದ ಮೇಲೂ ಅದನ್ನೇ ಉಳಿಸಿಕೊಳ್ಳುವುದಕ್ಕೆ ಸಮರ್ಥನೆ ದೊರೆಯಲಾರದು.

ಎರಡನೆಯ ಕೊರತೆ ಇನ್ನೂ ಆಳವಾದುದು. ನೆರವಿನ ಬಹುಪಾಲು ಮಗುವನ್ನು ಸಾಕುತ್ತಿರುವ ಕುಟುಂಬದ ಮೂಲಕವೇ ಹರಿಯುತ್ತದೆ. ಪ್ರಾಯೋಜಕತ್ವದ ನಿಯಮದಲ್ಲಿ ಅನಾಥ ಮಗು ಬಂಧುಗಳೊಡನೆ ವಾಸಿಸುತ್ತಿರಬೇಕೆಂದೂ, ಗ್ರಾಮಾಂತರದಲ್ಲಾದರೆ ಆ ಕುಟುಂಬದ ವರಮಾನ ವರ್ಷಕ್ಕೆ 72,000 ರೂಪಾಯಿ ಮೀರಬಾರದೆಂದೂ ಲೆಕ್ಕವಿದೆ. ಬಂಧುಗಳಿದ್ದರೆ ಇದು ಒಳ್ಳೆಯ ಏರ್ಪಾಡೇ. ಬಂಧುಗಳೇ ಇಲ್ಲದ ಮಗುವಿನ ಗತಿಯೇನು? ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳೋಣ. ತುರುವೇಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಜ್ಜಿಯ ಆಸರೆಯಲ್ಲಿ ಬೆಳೆದ ಹುಡುಗನೊಬ್ಬ ಹತ್ತನೆಯ ತರಗತಿ ಮುಗಿಸುವ ಹೊತ್ತಿಗೆ ಅಜ್ಜಿಯೂ ತೀರಿಕೊಂಡಳು. ಅವನು ತಿಪಟೂರಿನಲ್ಲಿ ಪದವಿಪೂರ್ವ ಕಾಲೇಜಿಗೆ ಸೇರಬೇಕು. ಪ್ರವೇಶದ ಅರ್ಜಿಗೆ ಪೋಷಕರ ರುಜು ಬೇಕು. ವಿದ್ಯಾರ್ಥಿನಿಲಯದ ಅರ್ಜಿಗೆ ಪೋಷಕರ ಆದಾಯದ ಪ್ರಮಾಣಪತ್ರ ಬೇಕು. ಜಾತಿಯ ಪ್ರಮಾಣಪತ್ರಕ್ಕೆ ತಂದೆಯ ಕಡೆಯ ದಾಖಲೆ ಬೇಕು. ಹೀಗೆ ಯಾರು ಇಲ್ಲವೆಂಬ ಕಾರಣಕ್ಕೆ ಅವನಿಗೆ ನೆರವು ಬೇಕಾಗಿದೆಯೋ ಅವರ ರುಜುವನ್ನೇ ಪ್ರತಿಯೊಂದು ಕಾಗದವೂ ಕೇಳುತ್ತದೆ.

ಇಂಥ ಬಾಲಕನನ್ನು ಕಾನೂನು ಮರೆತಿದೆಯೆಂದು ಹೇಳುವಂತಿಲ್ಲ. 2015ರ ಬಾಲನ್ಯಾಯ ಕಾಯಿದೆ ಮನೆಯಾಗಲಿ ನಿಶ್ಚಿತವಾದ ನೆಲೆಯಾಗಲಿ ಇಲ್ಲದ ಮಗುವನ್ನು ‘ಪಾಲನೆ ಮತ್ತು ರಕ್ಷಣೆ ಅಗತ್ಯವಿರುವ ಮಗು’ ಎಂದು ಗುರುತಿಸುತ್ತದೆ. ಆದರೆ ಆ ಗುರುತಿಗಾಗಿ ಮಗು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರಾಗಬೇಕು. ಸಮಿತಿ ಇರುವುದು ಜಿಲ್ಲಾ ಕೇಂದ್ರದಲ್ಲಿ. ತಿಪಟೂರಿನಿಂದ ತುಮಕೂರಿಗೆ ಎಪ್ಪತ್ತು ಕಿಲೋಮೀಟರಿಗೂ ಮಿಗಿಲು. ಒಂದು ದಿನದ ಕೂಲಿಯನ್ನೂ ಒಂದು ದಿನದ ಪಾಠವನ್ನೂ ಬಿಟ್ಟು ಹೋಗುವ ಹುಡುಗನಿಗೆ ಕೊನೆಗೆ ದೊರೆಯಬಹುದಾದ ಪರಿಹಾರವಾದರೂ ಬಹುಮಟ್ಟಿಗೆ ಬಾಲಮಂದಿರ. ತನ್ನ ಕಾಲೇಜು, ತನ್ನ ಗೆಳೆಯರು, ತನ್ನ ಊರಿನ ನಡುವೆಯೇ ಇದ್ದು ಓದಲು ನೆರವು ಬೇಕೆನ್ನುವವನಿಗೆ ಮಾರ್ಗ ಕಿರಿದಾಗಿದೆ.

ಮೂರನೆಯದು ನಮ್ಮ ಸೀಮೆಗೆ ವಿಶೇಷವಾಗಿ ಸಂಬಂಧಿಸಿದ ವಿಚಾರ. ಇಲ್ಲಿಯ ಅನಾಥ ಮಗು ಯಾವಾಗಲೂ ನಿರ್ಗತಿಕವಲ್ಲ. ಅಪ್ಪ ಬಿಟ್ಟುಹೋದ ಹತ್ತಿಪ್ಪತ್ತು ತೆಂಗಿನ ಮರಗಳು ಇರುತ್ತವೆ. ಆದರೆ ಪಹಣಿ ಎಂದೋ ತೀರಿಕೊಂಡ ತಾತನ ಹೆಸರಿನಲ್ಲಿಯೇ ಇರುತ್ತದೆ. ಪೌತಿ ಖಾತೆ ಆಗಿರುವುದಿಲ್ಲ. ತಂದೆ-ತಾಯಿ ಇಬ್ಬರೂ ಇಲ್ಲದ ಅಪ್ರಾಪ್ತನ ಆಸ್ತಿಗೆ ಪೋಷಕರನ್ನು ನೇಮಿಸಬೇಕಾದರೆ 1890ರ ಕಾಯಿದೆಯಂತೆ ನ್ಯಾಯಾಲಯಕ್ಕೇ ಹೋಗಬೇಕು. ಅಲ್ಲಿಯವರೆಗೆ ಆ ಮರಗಳ ಕಾಯನ್ನು ಯಾರು ಕೀಳಿಸುತ್ತಾರೆ, ಹಣ ಯಾರ ಕೈ ಸೇರುತ್ತದೆ ಎಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. 2023ರ ಹಂಗಾಮಿನಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿಗಳ ಬೆಂಬಲ ಬೆಲೆ ನಿಗದಿಯಾಗಿ, ಪೇಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗೆ ಕುಸಿದಾಗ, ರೈತರು ಖರೀದಿ ಕೇಂದ್ರದ ನೋಂದಣಿಗಾಗಿ ಸಾಲುಗಟ್ಟಿ ನಿಂತುದನ್ನು ಕಂಡಿದ್ದೇವೆ. ತನ್ನ ಹೆಸರಿನಲ್ಲಿ ಪಹಣಿಯಿಲ್ಲದ ಮಗುವಿಗೆ ಆ ಸಾಲಿನಲ್ಲಿಯೂ ಸ್ಥಳವಿರಲಿಲ್ಲ. ಕಾಯಿ ಅಟ್ಟದ ಮೇಲೆ ವರ್ಷಕಾಲ ಮಲಗಿದರೆ ಕೊಬ್ಬರಿಯಾಗುತ್ತದೆ. ಅರ್ಜಿ ಕಚೇರಿಯಲ್ಲಿ ವರ್ಷಕಾಲ ಮಲಗಿದರೆ ಒಂದು ಮಗುವಿನ ಓದು ನಿಲ್ಲುತ್ತದೆ.

ನಾಲ್ಕನೆಯದು ವಯಸ್ಸಿನ ಗಡಿ. ಪ್ರಾಯೋಜಕತ್ವ 18 ವರ್ಷಕ್ಕೆ ಮುಗಿಯುತ್ತದೆ. ಅದು ಸಾಮಾನ್ಯವಾಗಿ ಪದವಿ ಕಾಲೇಜಿನ ಬಾಗಿಲು ತಟ್ಟುವ ವಯಸ್ಸು. ಆ ಬಳಿಕದ ಅನುಪಾಲನೆಯ ನೆರವು ಬಾಲಮಂದಿರದಂಥ ಸಂಸ್ಥೆಗಳಲ್ಲಿ ಬೆಳೆದು ಹೊರಬಂದವರಿಗಾಗಿ ಇರುವಂಥದು. ಅಜ್ಜಿಯ ಮನೆಯಲ್ಲಿ ಬೆಳೆದವನು, ಬೇರೆಯವರ ಜಗಲಿಯ ಮೇಲೆ ಮಲಗಿ ಓದಿದವನು, ಸಂಸ್ಥೆಯ ದಾಖಲೆಯಿಲ್ಲವೆಂಬ ಕಾರಣಕ್ಕೆ ಅದರಿಂದ ಹೊರಗುಳಿಯುತ್ತಾನೆ. ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗಾಗಿ 2013ರಲ್ಲಿ ಬಂದ ವಿದ್ಯಾಸಿರಿ ಯೋಜನೆ ವಿದ್ಯಾರ್ಥಿನಿಲಯ ಸಿಗದವರಿಗೆ ಊಟ-ವಸತಿಗೆಂದು ತಿಂಗಳಿಗೆ 1,500 ರೂಪಾಯಿಗಳಂತೆ ಕೊಡಲಾರಂಭಿಸಿದುದು ಶ್ಲಾಘ್ಯವೇ. ಆದರೆ ಅಲ್ಲಿಯೂ ಆದಾಯ ಮತ್ತು ಜಾತಿಯ ಅದೇ ಪ್ರಮಾಣಪತ್ರಗಳು ಅಡ್ಡ ನಿಲ್ಲುತ್ತವೆ.

ಇದಕ್ಕೆ ಪರಿಹಾರ ಅಸಾಧ್ಯವೇನಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯೇ, ವಯಸ್ಸಿನ ದಾಖಲೆ ಇಲ್ಲವೆಂದು ಯಾವ ಮಗುವಿಗೂ ಶಾಲೆಯಲ್ಲಿ ಪ್ರವೇಶ ನಿರಾಕರಿಸಬಾರದೆಂದು ವಿಧಿಸಿದೆ. ಮೊದಲು ಮಗು, ಆಮೇಲೆ ಕಾಗದ ಎಂಬ ಈ ತತ್ತ್ವ 14 ವರ್ಷಕ್ಕೆ ನಿಂತುಹೋಗಿರುವುದೇ ದುರ್ದೈವ. ಅಮೆರಿಕದಲ್ಲಿಯೂ ನೆಲೆಯಿಲ್ಲದ ವಿದ್ಯಾರ್ಥಿಗಳ ಸಂಖ್ಯೆ ಹತ್ತು ಲಕ್ಷಕ್ಕೆ ಮಿಗಿಲು. ಅಲ್ಲಿ 1987ರಲ್ಲಿ ಬಂದು ಮುಂದೆ ತಿದ್ದುಪಡಿಗಳಾದ ಮೆಕಿನಿ-ವೆಂಟೊ ಕಾಯಿದೆ, ಪೋಷಕರ ಆಶ್ರಯದಲ್ಲಿಲ್ಲದ ವಿದ್ಯಾರ್ಥಿಯನ್ನು ಪ್ರತ್ಯೇಕವಾಗಿ ಹೆಸರಿಸಿ, ದಾಖಲೆಗಳಿಲ್ಲದಿದ್ದರೂ ಕೂಡಲೇ ಶಾಲೆಗೆ ಸೇರಿಸಿಕೊಳ್ಳಬೇಕೆನ್ನುತ್ತದೆ. ಅವನ ಹೊಣೆಗೆಂದು ಒಬ್ಬ ಅಧಿಕಾರಿಯನ್ನೂ ಗೊತ್ತುಮಾಡುತ್ತದೆ. ಕಾಲೇಜಿನ ಸಹಾಯಧನಕ್ಕೆ ಅಂಥವನಿಂದ ತಂದೆ-ತಾಯಿಯರ ಆದಾಯವನ್ನು ಕೇಳುವುದಿಲ್ಲ. ನೆರೆಯ ಮಹಾರಾಷ್ಟ್ರ 2018ರಲ್ಲಿ ಅನಾಥರಿಗೆ ಶೇಕಡಾ 1ರಷ್ಟು ಮೀಸಲಾತಿಯನ್ನು ಕೊಟ್ಟು, ಜಾತಿಯ ಕಾಗದವಿಲ್ಲದವನಿಗೂ ಒಂದು ಸ್ಥಾನ ಉಂಟೆಂದು ತೋರಿಸಿತು. ನಮ್ಮಲ್ಲಿಯೂ ತಾಲ್ಲೂಕಿಗೊಬ್ಬ ಅಧಿಕಾರಿಗೆ ಇಂಥ ವಿದ್ಯಾರ್ಥಿಯ ಪರವಾಗಿ ರುಜು ಹಾಕುವ ಅಧಿಕಾರವನ್ನು ಕೊಟ್ಟರೆ, ಪ್ರಾಯೋಜಕತ್ವವನ್ನು ಓದು ಮುಗಿಯುವವರೆಗೆ ವಿಸ್ತರಿಸಿದರೆ, ಅನಾಥ ಮಗುವಿನ ಪೌತಿ ಖಾತೆಯನ್ನು ಗ್ರಾಮ ಆಡಳಿತಾಧಿಕಾರಿ ತಾನಾಗಿಯೇ ಕೈಗೆತ್ತಿಕೊಂಡರೆ, ಅರ್ಧ ಸಂಕಟ ನೀಗುತ್ತದೆ.

ಸರಕಾರದ ದೋಷಗಳನ್ನು ಎಣಿಸಿದ ಮೇಲೆ ನಮ್ಮ ಕಡೆಗೂ ಒಮ್ಮೆ ನೋಡಿಕೊಳ್ಳುವುದು ಧರ್ಮ. ಹಿಂದೆ ಬಡ ವಿದ್ಯಾರ್ಥಿಗಳು ವಾರಾನ್ನವನ್ನು ನಂಬಿ, ದಿನಕ್ಕೊಂದು ಮನೆಯ ಬಾಗಿಲಲ್ಲಿ ನಿಂತು ಉಂಡು ಓದುತ್ತಿದ್ದರು. ಮಠಗಳ ಉಚಿತ ಪ್ರಸಾದನಿಲಯಗಳು ಆ ಹಂಗನ್ನು ತಪ್ಪಿಸಿದವು. 2019ರ ಜನವರಿ 21ರಂದು ಲಿಂಗೈಕ್ಯರಾದ ಸಿದ್ಧಗಂಗೆಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರ ನೆರಳಿನಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು ಜಾತಿಭೇದವಿಲ್ಲದೆ ಅನ್ನ, ಅಕ್ಷರ, ಆಶ್ರಯಗಳನ್ನು ಪಡೆಯುತ್ತಿದ್ದುದು ನಾಡಿಗೇ ತಿಳಿದ ಸಂಗತಿ. ದಾಸೋಹದ ಪಂಕ್ತಿಯಲ್ಲಿ ಕುಳಿತವನನ್ನು ಯಾರ ಮಗನೆಂದು ಕೇಳುವ ವಾಡಿಕೆಯಿಲ್ಲ.

ಹೀಗಿದ್ದರೂ ನಾಡಿನ ಮಠಗಳು ನಡೆಸುವ ವಿದ್ಯಾರ್ಥಿನಿಲಯಗಳು ಎರಡು ಪ್ರಶ್ನೆಗಳನ್ನು ತಮಗೆ ತಾವೇ ಹಾಕಿಕೊಳ್ಳಬೇಕು. ಪ್ರವೇಶದ ದಿನ ಒಬ್ಬನೇ ಬಂದು ನಿಂತ ಮಗುವನ್ನು, ಪೋಷಕರನ್ನು ಕರೆದುಕೊಂಡು ಬಾ ಎಂದು ಹಿಂದಕ್ಕೆ ಕಳುಹಿಸುವ ಸಂದರ್ಭ ಇದೆಯೇ? ಬೇಸಗೆಯ ರಜೆಯಲ್ಲಿ, ದಸರೆಯ ರಜೆಯಲ್ಲಿ, ಎಲ್ಲರೂ ಪೆಟ್ಟಿಗೆ ಹೊತ್ತು ಊರಿಗೆ ಹೊರಟಾಗ, ಊರೇ ಇಲ್ಲದವನು ಎಲ್ಲಿಗೆ ಹೋಗಬೇಕು? ಒಲೆ ಆರಿಸದೆ ನಾಲ್ಕಾರು ಮಕ್ಕಳಿಗಾಗಿಯಾದರೂ ಅಡುಗೆಮನೆಯನ್ನು ನಡೆಸುವುದು ದೊಡ್ಡ ಖರ್ಚಿನ ಮಾತಲ್ಲ.

ಇನ್ನು ಹಳೆಯ ವಿದ್ಯಾರ್ಥಿಗಳ ಕರ್ತವ್ಯ. ಬಾಲನ್ಯಾಯ ಕಾಯಿದೆಯಲ್ಲಿ ‘ಅರ್ಹ ವ್ಯಕ್ತಿ’ ಎಂಬ ಒಂದು ಏರ್ಪಾಡಿದೆ. ಮಗುವನ್ನು ತಾತ್ಕಾಲಿಕವಾಗಿ ಪಾಲಿಸಲು ಯೋಗ್ಯನಾದ ಯಾರನ್ನೇ ಆಗಲಿ ಮಕ್ಕಳ ಕಲ್ಯಾಣ ಸಮಿತಿ ವಿಚಾರಣೆ ಮಾಡಿ ಮಾನ್ಯಮಾಡಬಹುದು. ಈ ಮೂರು ತಾಲ್ಲೂಕುಗಳಲ್ಲಿ ಪ್ರಸಾದನಿಲಯದ ಅನ್ನವುಂಡು ಬೆಳೆದ ಉಪಾಧ್ಯಾಯರು, ವಕೀಲರು, ಬ್ಯಾಂಕಿನ ನೌಕರರು, ಕೊಬ್ಬರಿ ವರ್ತಕರು ಎಷ್ಟೋ ಮಂದಿ ಇದ್ದಾರೆ. ಹೋಬಳಿಗೆ ಇಬ್ಬರಾದರೂ ಮುಂದೆ ಬಂದು ಹೆಸರು ಕೊಟ್ಟರೆ, ಅಂಥ ಮಗು ಕಂಡಾಗ 1098ಕ್ಕೆ ತಿಳಿಸಿ ತಾವೇ ಜೊತೆಯಲ್ಲಿ ತುಮಕೂರಿಗೆ ಹೋಗಿ ಬಂದರೆ, ವಕೀಲರಾದವರು ಪೌತಿ ಖಾತೆಯ ಕಾಗದಗಳನ್ನು ಶುಲ್ಕವಿಲ್ಲದೆ ನೋಡಿಕೊಟ್ಟರೆ, ಅದೂ ದಾಸೋಹವೇ. ವರ್ಷಕ್ಕೊಮ್ಮೆ ಸಮ್ಮೇಳನದಲ್ಲಿ ಕಲೆತು ಹಳೆಯ ದಿನಗಳನ್ನು ನೆನೆಯುವುದು ಸಂತೋಷದ ವಿಷಯ. ಮುಂದಿನ ಜೂನ್ ತಿಂಗಳಲ್ಲಿ ಕಾಲೇಜುಗಳ ಬಾಗಿಲು ತೆರೆಯುವ ಮುನ್ನ, ರುಜು ಹಾಕುವವರಿಲ್ಲದ ಮಕ್ಕಳು ತಮ್ಮ ಹೋಬಳಿಯಲ್ಲಿ ಯಾರಿದ್ದಾರೆಂದು ವಿಚಾರಿಸಿ ಒಂದು ಪಟ್ಟಿ ಮಾಡುವುದು ಅದಕ್ಕಿಂತ ಮೊದಲು ಆಗಬೇಕಾದ ಕೆಲಸ.