ಶ್ರವಣ ಮತ್ತು ಪೂರ್ವಗ್ರಹ

ಮಾತನ್ನು ಗ್ರಹಿಸುವುದು ಕಿವಿಯೊಂದರ ಕೆಲಸವಲ್ಲ. ಆಡುವವರು ಯಾವ ಸೀಮೆಯವರು, ಯಾವ ಜನಾಂಗದವರು ಎಂಬ ಭಾವನೆಯೂ ಅದರಲ್ಲಿ ಕೂಡಿಕೊಂಡಿರುತ್ತದೆ. ಈ ಅಂಶವನ್ನು ಪ್ರಯೋಗದಿಂದ ತೋರಿಸಿದವರಲ್ಲಿ ಅಮೆರಿಕದ ಡೊನಾಲ್ಡ್ ರೂಬಿನ್ ಪ್ರಮುಖರು. 1992ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ 62 ಮಂದಿ ಕಾಲೇಜು ವಿದ್ಯಾರ್ಥಿಗಳಿಗೆ ಸುಮಾರು ನಾಲ್ಕು ನಿಮಿಷಗಳ ಧ್ವನಿಮುದ್ರಿತ ಉಪನ್ಯಾಸವನ್ನು ಕೇಳಿಸಲಾಯಿತು. ಧ್ವನಿಯು ಒಹಾಯೋ ಪ್ರಾಂತದ, ಇಂಗ್ಲಿಷ್ ಮಾತೃಭಾಷೆಯ ಮಹಿಳೆಯೊಬ್ಬರದು. ಆದರೆ ಉಪನ್ಯಾಸಕಿಯ ಭಾವಚಿತ್ರವೆಂದು ಕೆಲವರಿಗೆ ಬಿಳಿಯ ಸ್ತ್ರೀಯ, ಉಳಿದವರಿಗೆ ಏಷ್ಯದ ಸ್ತ್ರೀಯ ಚಿತ್ರವನ್ನು ತೋರಿಸಲಾಯಿತು. ಎರಡನೆಯ ಗುಂಪಿನವರಿಗೆ ಅದೇ ಧ್ವನಿಯಲ್ಲಿ ಪರದೇಶೀಯ ಉಚ್ಚಾರಣೆ ಕೇಳಿಸಿತು. ಬಿಟ್ಟ ಪದಗಳನ್ನು ತುಂಬುವ ಪರೀಕ್ಷೆಯಲ್ಲಿಯೂ ಅವರು ಹಿಂದುಳಿದರು.

ಈ ಪ್ರಯೋಗದ ಬೆಲೆ ಅದರ ಸರಳತೆಯಲ್ಲಿದೆ. ಧ್ವನಿಯು ಒಂದೇ ಆಗಿರುವುದರಿಂದ ವ್ಯತ್ಯಾಸದ ಹೊಣೆಯನ್ನು ಉಪನ್ಯಾಸಕಿಯ ನಾಲಗೆಯ ಮೇಲೆ ಹೊರಿಸುವಂತಿಲ್ಲ. 1980ರ ದಶಕದಲ್ಲಿ ಅಲ್ಲಿನ ಹಲವು ರಾಜ್ಯಗಳು ಬೋಧಕರ ಇಂಗ್ಲಿಷ್ ಸಾಮರ್ಥ್ಯದ ಬಗೆಗೆ ಶಾಸನಗಳನ್ನು ಮಾಡಿದ್ದವು. ಬೋಧಕನನ್ನು ಮಾತ್ರ ತಿದ್ದಿದರೆ ಸಾಲದು, ಕೇಳುವವನಿಗೂ ಶಿಕ್ಷಣ ಬೇಕೆಂಬುದು ಈ ಪ್ರಯೋಗದಿಂದ ಸಿದ್ಧವಾಗುತ್ತದೆ.

ಆದರೆ ಇದೆಲ್ಲವೂ ತಿರಸ್ಕಾರದ ಫಲವೆಂದು ಮುಗಿಸಿಬಿಡುವುದು ಅವಸರದ ತೀರ್ಮಾನ. ಕೆವಿನ್ ಮೆಕ್‌ಗೋವನ್ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಧ್ವನಿಯೇ ಚೀನೀ ಉಚ್ಚಾರಣೆಯದಾಗಿತ್ತು. ಗದ್ದಲದ ನಡುವೆ ಅದನ್ನು ಕೇಳಿ ಬರೆದವರಲ್ಲಿ ಚೀನೀ ಮುಖವನ್ನು ಕಂಡವರು, ಬಿಳಿಯ ಮುಖವನ್ನು ಕಂಡವರಿಗಿಂತ ಹೆಚ್ಚು ಸರಿಯಾಗಿ ಬರೆದರು. ತಿರಸ್ಕಾರವೊಂದೇ ಕಾರಣವಾಗಿದ್ದರೆ ಇಲ್ಲಿಯೂ ಗ್ರಹಿಕೆ ಕುಂದಬೇಕಾಗಿತ್ತು. ನಿರೀಕ್ಷೆಯು ತನ್ನಷ್ಟಕ್ಕೆ ದೋಷವಲ್ಲ. ಧ್ವನಿಗೆ ಹೊಂದಿದಾಗ ಅದು ಸಾಧಕ, ಹೊಂದದಿದ್ದಾಗ ಬಾಧಕ. ಹಾಗೆಂದು ರೂಬಿನ್ನರ ಮಾತು ಬಿದ್ದುಹೋಗುವುದಿಲ್ಲ. ಮುಖವನ್ನು ಕಂಡೊಡನೆ ಪರಕೀಯ ಉಚ್ಚಾರಣೆಯನ್ನು ನಿರೀಕ್ಷಿಸುವುದು ಸಮಾಜವು ಕಲಿಸಿದ ಪಾಠವೇ. ಆ ಪಾಠದ ನಷ್ಟವನ್ನು ಮಾತ್ರ ನಿರಪರಾಧಿಯಾದ ಬೋಧಕನು ತೆರಬೇಕಾಗುತ್ತದೆ.

ಭಾಷೆಯನ್ನು ಹೊಸದಾಗಿ ಕಲಿಯುವವರಿಗೆ ಈ ಫಲಿತಾಂಶಗಳನ್ನು ಅನ್ವಯಿಸುವಾಗ ಎಚ್ಚರವಿರಬೇಕು. ಈ ಪ್ರಯೋಗಗಳ ಶ್ರೋತೃಗಳು ಇಂಗ್ಲಿಷಿನ ಹೊಸ ಕಲಿಕೆಯವರಲ್ಲ. ಆದರೂ ಕಲಿಕೆಯವನಿಗೆ ಧ್ವನಿಯ ಪರಿಚಯ ಕಡಮೆಯಾದುದರಿಂದ ಅವನು ಹೊರಗಿನ ಸೂಚನೆಗಳನ್ನು ಹೆಚ್ಚಾಗಿ ಆಶ್ರಯಿಸುವನೆಂದು ಊಹಿಸುವುದು ಅಸಂಗತವಲ್ಲ. ಹೊರನಾಡಿನ ಕನ್ನಡ ತರಗತಿಗಳಿಗೂ ಇದು ವಿಚಾರಾರ್ಹ. ಮೈಸೂರಿನ ಕನ್ನಡವನ್ನು ಕಲಿತವನಿಗೆ "ಇದು ಧಾರವಾಡದ ಮಾತು, ಕಷ್ಟ" ಎಂದು ಮೊದಲೇ ಹೇಳಿದರೆ, ಅವನು ಕೇಳುವ ಮೊದಲೇ ಸೋಲನ್ನೊಪ್ಪಿಕೊಳ್ಳಬಹುದು. ಹಲವು ಸೀಮೆಗಳ ಮಾತನ್ನು ಮೊದಲಿನಿಂದಲೂ ಕೇಳಿಸಿ, ಊರಿನ ಹೆಸರನ್ನು ಆಮೇಲೆ ತಿಳಿಸುವುದು ಲೇಸು.